ಹನ್ನೆರಡನೆಯ ಕುರ್ಚಿ

ಪವಿತ್ರ ಗುರುವಾರದ ಸಂಜೆ ಪೂಜೆಯ ನಡುವೆ ಫಾದರ್ ಸಿಲ್ವೆಸ್ಟರ್ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಬಲಿಪೀಠದಿಂದ ಕೆಳಗಿಳಿದರು. ಎದುರಿಗೆ ಹನ್ನೆರಡು ಕುರ್ಚಿ. ಯೇಸುಸ್ವಾಮಿ ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗೆ ಪ್ರತಿವರ್ಷ ಈ ದಿನ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯಬೇಕು. ಹನ್ನೊಂದು ಕುರ್ಚಿಗಳಲ್ಲಿ ಜನ ಕೂತಿದ್ದರು. ಕೊನೆಯದು ಖಾಲಿ.

"ಜೋವಿನ್ ಬರ್ತಾನೆ ಅಂದ್ರಲ್ಲ ಉಪದೇಶಿಗಳೇ?" ಫಾದರ್ ತುಟಿ ಅಲುಗಿಸದೆ ಕೇಳಿದರು.

"ಬರ್ತಾನೆ ಫಾದರ್. ಇಲ್ಲೇ ತಾನೆ ಮನೆ," ಎಂದ ಚೌರಪ್ಪ, ಕೈಯಲ್ಲಿ ಬೇಸಿನ್ ಹಿಡಿದುಕೊಂಡು.

ಚರ್ಚಿನಲ್ಲಿ ಮಕ್ಕಳಿಗೆ ಜಪ ಕಲಿಸುವುದರಿಂದ ಹಿಡಿದು ಗಂಟೆ ಹೊಡೆಯುವವರೆಗೆ ಎಲ್ಲವೂ ಉಪದೇಶಿ ಚೌರಪ್ಪನದೇ. ಹೋದ ವರ್ಷ ಕಾಲು ತೊಳೆಸಿಕೊಳ್ಳಲು ಒಂಬತ್ತೇ ಜನ ಬಂದಿದ್ದಾಗ ಫಾದರ್ ಕಡ್ಡಿ ಮುರಿದಂತೆ ಹೇಳಿದ್ದರು: ಮುಂದಿನ ಸಲ ಹನ್ನೆರಡು ಜನ ಕೂರದಿದ್ದರೆ ಕನ್ನಡ ಪೂಜೆ ನಿಲ್ಲಿಸಿ ಇಂಗ್ಲಿಷಿನವರ ಜೊತೆ ಸೇರಿಸಿಬಿಡುತ್ತೇನೆ. ಪಟ್ಟಂದೂರು ಅಗ್ರಹಾರದಲ್ಲಿ ಚೌರಪ್ಪನ ತಾತನ ಕಾಲದಿಂದಲೂ ಅವರ ಮಂದಿ ದೇವರನ್ನು ಕನ್ನಡದಲ್ಲೇ ಬೇಡಿಕೊಂಡು ಬಂದವರು. ಇಂಗ್ಲಿಷಿನಲ್ಲಿ ಪಾಪನಿವೇದನೆ ಮಾಡಲು ಚೌರಪ್ಪನಿಗೆ ಬರುವುದಿಲ್ಲ. ಅವನು ಪಾಪ ಮಾಡುವುದೂ ಕನ್ನಡದಲ್ಲೇ.

ಹಾಗಾಗಿ ಬಂದು ಕಾಲು ತೊಳೆಸಿಕೊಳ್ಳಿ ಎಂದು ಅವನು ಮನೆಮನೆಗೆ ಹೋಗಿ ಎಲ್ಲರ ಕಾಲು ಹಿಡಿದಿದ್ದ. ಒಬ್ಬನಿಗೆ ಅಪ್ರೈಸಲ್ ಮೀಟಿಂಗು. ಇನ್ನೊಬ್ಬ ಶುಕ್ರವಾರದ ರಜೆಗೆ ಶನಿವಾರ ಭಾನುವಾರ ಸೇರಿಸಿ ಗೋವಾಕ್ಕೆ ಹೊರಟಿದ್ದ. "ಸೋಮವಾರ ಬಂದ್ಬಿಡ್ತೀವಿ ಉಪದೇಶಿಗಳೇ, ಅಷ್ಟೊತ್ತಿಗೆ ಸ್ವಾಮೀನೂ ಸಮಾಧಿಯಿಂದ ಎದ್ದಿರ್ತಾರೆ," ಎಂದು ಸೂಟ್‌ಕೇಸ್ ಎಳೆದುಕೊಂಡು ಹೋದ. ಉಳಿದವರೆಲ್ಲ ಯೂಟ್ಯೂಬ್ ಭಕ್ತರು. ಕೊನೆಗೆ ಚರ್ಚಿನ ಪಾಲನಾ ಸಮಿತಿಯ ಕಾರ್ಯದರ್ಶಿ ಜೋವಿನ್ ತಾನೇ ಎದೆ ತಟ್ಟಿಕೊಂಡು, "ನಾನಿದೀನಲ್ಲ, ಟೆನ್ಷನ್ ಯಾಕೆ?" ಎಂದಿದ್ದ. ಅವನ ಫ್ಲ್ಯಾಟು ಚರ್ಚಿನ ಗೋಡೆಗೆ ಅಂಟಿಕೊಂಡ ಅಪಾರ್ಟ್‌ಮೆಂಟಿನಲ್ಲಿ. ಅವನ ಬಾಲ್ಕನಿಯಿಂದ ಬಟ್ಟೆ ಕ್ಲಿಪ್ಪು ಜಾರಿದರೆ ಚರ್ಚಿನ ಅಂಗಳಕ್ಕೇ ಬೀಳುತ್ತದೆ.

ಫಾದರ್ ಮೊದಲ ಕಾಲಿಗೆ ನೀರು ಹಾಕುವ ಹೊತ್ತಿಗೆ ಜೋವಿನ್‌ನ ಹೆಂಡತಿ ಶರ್ಲಿ ಓಡಿಬಂದಳು. ಖಾಲಿ ಕುರ್ಚಿಯ ಮೇಲೆ ಹಾಡಿನ ಪುಸ್ತಕ ಇಟ್ಟು, ಅದಕ್ಕೆ ಒರಗಿಸಿ ಮೊಬೈಲ್ ನಿಲ್ಲಿಸಿದಳು. ಆಮೇಲೆ ಏನೂ ಆಗಿಲ್ಲವೆಂಬಂತೆ ಕೀಬೋರ್ಡಿನ ಮುಂದೆ ಕೂತು ನುಡಿಸತೊಡಗಿದಳು.

"ಹಲೋ, ಆಡಿಯೋ ಬರ್ತಿದೆಯಾ?" ಮೊಬೈಲ್ ಒಳಗಿಂದ ಜೋವಿನ್ ಕೂಗಿದ. "ಸಾರಿ ಫಾದರ್, ಆಫೀಸಿಂದು ಅರ್ಜೆಂಟು. ನೀವು ಅಲ್ಲಿ ಸುಮ್ನೆ ಆಕ್ಷನ್ ಮಾಡಿ ಸಾಕು. ನಾನಿಲ್ಲಿ ವೆಟ್ ಟಿಶ್ಯೂನಲ್ಲಿ ಒರೆಸ್ಕೋತೀನಿ."

ಹಾಡುವ ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಚೌರಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ಮನಸ್ಸಿನಲ್ಲೇ ಬೈದುಕೊಂಡು ಬೆಂಚುಗಳತ್ತ ತಿರುಗಿ, ಯಾರಾದರೂ ಬನ್ನಿ ಎಂದು ಕಣ್ಣಲ್ಲೇ ಗೋಗರೆದ. ಅಲ್ಲಿದ್ದ ನಾಲ್ಕಾರು ಮಂದಿ ತಟ್ಟನೆ ತಲೆ ತಗ್ಗಿಸಿ ಗಾಢ ಭಕ್ತಿಯಲ್ಲಿ ಮುಳುಗಿಬಿಟ್ಟರು. ಉಪದೇಶಿಯ ಹೆಂಡತಿ ಲೂರ್ದಮ್ಮ ಮಾತ್ರ ಏಳಲು ನೋಡಿದಳು. ಪಾಪ, ಅವಳ ಎರಡೂ ಕಾಲಿಗೆ ಬ್ಯಾಂಡೇಜು. ತಾನೇ ಕೂರೋಣವೆಂದರೆ ಬೇಸಿನ್ ಹಿಡಿಯಲು ಬೇರೆ ಯಾರೂ ಇಲ್ಲ.

ಹನ್ನೊಂದು ಮುಗಿಸಿ ಫಾದರ್ ಮೊಬೈಲಿನ ಮುಂದೆ ಬಂದು ನಿಂತರು. ಒಂದು ಸಲ ಅದನ್ನು, ಒಂದು ಸಲ ಚೌರಪ್ಪನನ್ನು ನೋಡಿ, ನಿಟ್ಟುಸಿರು ಬಿಟ್ಟು ಮೊಣಕಾಲೂರಿದರು. ಜೋವಿನ್ ಕಾಲೆತ್ತಿ ಮೇಜಿನ ಮೇಲಿಟ್ಟ. ಪರದೆ ತುಂಬ ಅವನ ಅಂಗಾಲು. ಫಾದರ್ ಚೆಂಬು ಎತ್ತಿದರು. ಅಷ್ಟರಲ್ಲಿ ಆ ಕಡೆ ಇನ್ನೊಂದು ಫೋನ್ ಬಡಿದುಕೊಂಡಿತು.

"ಒಂದ್ನಿಮಿಷ ಫಾದರ್, ಕ್ಲೈಂಟು. ಹಂಗೇ ಇರಿ!"

ಅಂಗಾಲು ಮಾಯವಾಯಿತು. ಈಗ ಪರದೆಯಲ್ಲೂ ಒಂದು ಖಾಲಿ ಕುರ್ಚಿ. ಶರ್ಲಿ ಅದೇ ಚರಣವನ್ನು ಮತ್ತೆ ಮತ್ತೆ ನುಡಿಸಿದಳು. ಫಾದರ್ ಚೆಂಬು ಹಿಡಿದು ಕಾದೇ ಕಾದರು. ಮೊಣಕಾಲು ನೋವು ಅವರ ಮುಖದಲ್ಲಿ ಕಾಣುತ್ತಿತ್ತು. ಜೋವಿನ್ ಬರಲಿಲ್ಲ. ಇಲ್ಲಿಗೆ ಕನ್ನಡ ಪೂಜೆಯ ಕಥೆ ಮುಗಿಯಿತು ಎಂದು ಚೌರಪ್ಪನಿಗೆ ಅಳುವೇ ಬಂತು.

ಫಾದರ್ ಅವನ ಭುಜ ಹಿಡಿದು ಎದ್ದರು. ಆ ಮುಖ ನೋಡಿ ಅವರಿಗೂ ಕರುಳು ಚುರುಕ್ ಎಂದಿರಬೇಕು.

"ಹೋಗ್ಲಿ ಬಿಡಿ ಉಪದೇಶಿಗಳೇ," ಎಂದು ಮೆಲ್ಲಗೆ ಹೇಳಿದರು. "ಆ ರಾತ್ರಿನೂ ಹನ್ನೆರಡು ಶಿಷ್ಯರಲ್ಲಿ ಒಬ್ಬ, ಆ ಯೂದ, ಸ್ವಾಮೀನ ಹಿಡಿದುಕೊಡೋಕೆ ಮಧ್ಯದಲ್ಲೇ ಎದ್ದು ಹೋಗ್ಲಿಲ್ವಾ? ಇವನನ್ನೂ ಸೇರಿಸಿ ಹನ್ನೆರಡು ಅಂತಾನೇ ಇಟ್ಕೊಳ್ಳೋಣ. ನಿಮ್ಮ ಕನ್ನಡ ಪೂಜೆ ನಿಮಗಿರಲಿ."

ಚೌರಪ್ಪ ತೆಪ್ಪಗೆ ಆಮೆನ್ ಅಂದಿದ್ದರೆ ಸಾಕಿತ್ತು. ಬಾಯಿ ಸುಮ್ಮನಿರಬೇಕಲ್ಲ.

"ಯೂದ ಬಂದು ಕೂತಿದ್ದ ಫಾದರ್," ಎಂದ. "ಕಾಲು ತೊಳೆಸ್ಕೊಂಡೇ ಎದ್ದು ಹೋಗಿದ್ದು."