ಮದುವೆಗೆಂದು ಹಾಕಿಕೊಂಡ ತಬಲಾ

ಅಣ್ಣನ ಮಗನ ಮದುವೆಯಲ್ಲಿ ನುಡಿಸಲೆಂದು ಇಂದುಧರ ತಬಲಾ ಪ್ಯಾಕೇಜನ್ನು ತಲೆಗೆ ಇನ್‌ಸ್ಟಾಲ್ ಮಾಡಿಕೊಂಡಿದ್ದ. ಎಲ್ಲರಂತೆ ತಾತ್ಕಾಲಿಕ ಖಾನೆ ತೆರೆದು ಹಾಕಿಕೊಂಡಿದ್ದರೆ, ಸೆಷನ್ ಮುಚ್ಚಿದೊಡನೆ ಆ ವಿದ್ಯೆ ಅಳಿಸಿಹೋಗಬೇಕಿತ್ತು. ಆದರೆ ಮದುವೆ ಮುಗಿದು, ಮಗಳು ಚಿನ್ಮಯಿ ಹಾಸ್ಟೆಲ್ಲಿಗೆ ಮರಳಿ ಮೂರು ದಿನವಾದರೂ ಅವನ ಬೆರಳುಗಳು ತಿಂಡಿ ತಟ್ಟೆಯ ಅಂಚಿನ ಮೇಲೆ ಕುಣಿಯುತ್ತಲೇ ಇದ್ದವು. ಹೆಂಡತಿ ಶಾಂಭವಿಗೆ ಅನುಮಾನ ಶುರುವಾಯಿತು.

"ರೀ, ಮೊದಲು ತಾತ್ಕಾಲಿಕ ಖಾನೆ ತೆರೆದಿದ್ರಿ ತಾನೆ? ಅವಸರದಲ್ಲಿ ನೇರ ತಲೆಗೇ ಹಾಕ್ಕೊಂಡ್ರೆ, ಜಾಗ ಸಾಲದೆ ಹಳೇದೇನಾದ್ರೂ ಅಳಿಸಿಬಿಡತ್ತೆ."

"ತೆರೆದಿದ್ದೆ ಮಾರಾಯ್ತಿ! ಎಷ್ಟು ಸಲ ಹೇಳ್ಲಿ?"

ಶಾಂಭವಿ ಅವನ ಮುಖವನ್ನೇ ದಿಟ್ಟಿಸಿದಳು.

"ಹಾಸ್ಟೆಲ್ಲಿಂದ ಚಿನ್ಮಯಿ ಫೋನ್ ಮಾಡಿದ್ಲು. ಅಪ್ಪ ಹೇಗಿದಾರೆ ಅಂತ ಕೇಳಿದ್ಲು."

"ಅಯ್ಯೋ ಪಾಪ," ಎಂದ ಇಂದುಧರ, "ಆ ಹುಡುಗಿಯ ಅಪ್ಪನಿಗೆ ಏನಾಗಿದೆ?"

ಬೆರಳುಗಳು ತಾಳ ತಪ್ಪಲಿಲ್ಲ.