ರೆಕ್ಕೆ ಎತ್ತಿದರೆ

ಅತ್ತೆ ಮತ್ತೆ ಎಡಗೈ ಎತ್ತಿದರು. ಹಾಲಿನ ಲೋಟ ಹಿಡಿದು ಬಗ್ಗಿದ್ದ ಸೊಸೆ ಥಟ್ಟನೆ ಹಿಂದೆ ಸರಿದಳು. ಅರ್ಧ ಹಾಲು ನೆಲದ ಪಾಲಾಯಿತು. ಪಾರ್ಶ್ವವಾಯು ಬಡಿದು ಮಾತು, ಬಲಗೈ ಎರಡೂ ಹೋದಮೇಲೆ ಅತ್ತೆಯ ಬಾಯಲ್ಲಿ ಉಳಿದದ್ದು ‘ಊಂ’ ಒಂದೇ. ಅದರ ಜೊತೆಗೆ ಈ ಎಡಗೈ, ಅದೂ ಸೊಸೆಯ ಮುಖಕ್ಕೇ! ಮಗನ ಮೇಲೆ ಎತ್ತಿದ್ದಿಲ್ಲ, ದಿನಾ ಬರುವ ನರ್ಸಿನ ಮೇಲೆ ಎತ್ತಿದ್ದಿಲ್ಲ. ಒಂದು ತಿಂಗಳು ಹೊಟ್ಟೆಗೆ ಹಾಕಿಕೊಂಡವಳು ಕೊನೆಗೆ ಸಾಕಾಗಿ ನಾದಿನಿಗೆ ಫೋನ್ ಮಾಡಿ, ನಿಮ್ಮಮ್ಮನಿಗೆ ನನ್ನ ಕಂಡರಾಗದು, ನೀನೇ ಕರೆದುಕೊಂಡು ಹೋಗು ಎಂದಿದ್ದಳು. ನಾದಿನಿ ಇವತ್ತು ನಾಲ್ಕಕ್ಕೆ ಬರುವವಳಿದ್ದಳು.

ನೆಲ ಒರೆಸಿ ಹೊಲಿಗೆ ಮೆಷಿನ್ನಿಗೆ ಮರಳಿದಳು. ಪಕ್ಕದ ಕಿಟಕಿಯಾಚೆ, ಸಜ್ಜಾದ ಮೂಲೆಯಲ್ಲಿ ಬೆಳವಕ್ಕಿಯ, ಅದೇ ಕಾಡುಪಾರಿವಾಳದ, ಗೂಡು. ಹೊಲಿಯುತ್ತ ಹೊಲಿಯುತ್ತ ಆ ಸಂಸಾರದ ಒಳಹೊರಗೆಲ್ಲ ಅವಳಿಗೆ ತಿಳಿದುಹೋಗಿತ್ತು. ಗಂಡು ಕತ್ತು ಉಬ್ಬಿಸಿ ಬಗ್ಗಿ ಬಗ್ಗಿ ಗುಟುರಿದರೆ ಹೆಣ್ಣನ್ನು ಓಲೈಸುವುದು. ಗೂಡಲ್ಲಿ ಕೂತು ತಗ್ಗಿದ ದನಿ ಎಳೆದರೆ ಜೊತೆಗಾತಿಯನ್ನು ಕರೆಯುವುದು. ಕಾಗೆ ಹತ್ತಿರ ಬಂದರಂತೂ ಮೈ ಉಬ್ಬಿಸಿ, ಒಂದು ರೆಕ್ಕೆ ಎತ್ತಿ ಫಟ್ ಎಂದು ಬಾರಿಸುವುದು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಅತ್ತೆಯದೇ ನೆನಪು. ಹಕ್ಕಿ ಭಾಷೆಯೆಲ್ಲ ಬಂತು, ನಮ್ಮಮ್ಮನದೊಂದು ಬಾಕಿ ಎಂದು ಗಂಡ ರೇಗಿಸುತ್ತಿದ್ದ.

ಇವತ್ತು ತಾಯಿಹಕ್ಕಿ ಬಂದು ಗೂಡಿನಂಚಿಗೆ ಕೂತದ್ದೇ ತಡ, ಒಳಗಿದ್ದ ಮರಿ ರೆಕ್ಕೆ ಎತ್ತಿತು. ಅಯ್ಯೋ, ಹೆತ್ತವಳಿಗೇ ಹೊಡೆಯುತ್ತದಲ್ಲ ಎಂದು ಸೊಸೆ ಮೆಷಿನ್ ನಿಲ್ಲಿಸಿದಳು. ಆದರೆ ಮರಿಯ ಮೈ ಉಬ್ಬಿರಲಿಲ್ಲ. ಕುಗ್ಗಿ ಕೂತು, ಕತ್ತು ಮುಂದೆ ಚಾಚಿ, ರೆಕ್ಕೆ ನಡುಗಿಸುತ್ತ ಚೀಂಗುಟ್ಟುತ್ತಿತ್ತು. ತಾಯಿ ಹಿಂದೆ ಸರಿಯಲಿಲ್ಲ. ಇನ್ನಷ್ಟು ಹತ್ತಿರ ಹೋಗಿ ಕೊಕ್ಕಿಗೆ ಕೊಕ್ಕು ಕೊಟ್ಟಿತು.

ಸೊಸೆ ತಿರುಗಿ ಅತ್ತೆಯ ಕಡೆ ನೋಡಿದಳು. ತಿಂಗಳಿಡೀ ಅತ್ತೆಯ ಕೈ ನೋಡಿದ್ದೇ ನೋಡಿದ್ದು, ಮುಖ ನೋಡಿರಲಿಲ್ಲ. ಕೈ ಮೇಲೇಳುವಷ್ಟರಲ್ಲಿ ತಾನೇ ಕಣ್ಣು ಮುಚ್ಚಿ ಮಾರು ದೂರ ಹಾರುತ್ತಿದ್ದಳು.

ಎದ್ದು ಹೋಗಿ ಅತ್ತೆಯ ಕುರ್ಚಿಯ ಮುಂದೆ ನೆಲದಲ್ಲೇ ಕೂತಳು. ಕೈ ಎದ್ದಿತು. ಬಿದ್ದರೆ ಬೀಳಲಿ ಒಂದೇಟು ಎಂದು ಹಲ್ಲು ಕಚ್ಚಿಕೊಂಡು, ಕಣ್ಣು ಬಿಟ್ಟುಕೊಂಡೇ ಇದ್ದಳು. ಅತ್ತೆಯ ಭುಜ ಇಳಿದಿತ್ತು, ಕತ್ತು ಮುಂದಕ್ಕೆ ಬಾಗಿತ್ತು. ನಡುಗುವ ಬೆರಳುಗಳು ಅವಳ ಕಿವಿ ದಾಟಿ ಕೂದಲಿಗೆ ಹೋದವು, ಏನನ್ನೋ ಹಿಡಿದು ಜಾರಿಸಿದವು, ಮತ್ತೆ ಹಿಡಿದು ಎಳೆದವು. ಹೊರಬಂದದ್ದು ಒಂದು ನೀಲಿ ದಾರದ ಚೂರು. ಹೊತ್ತೇರಿದಾಗಿನಿಂದ ಬಟ್ಟೆ ರಾಶಿಯಲ್ಲಿ ಮುಳುಗಿರುವವಳ ತಲೆಯಲ್ಲಿ ಅಂಥವು ಎಷ್ಟು ಸಿಕ್ಕಿಕೊಂಡಿದ್ದವೋ, ಕನ್ನಡಿ ಮುಂದೆ ನಿಂತು ನೋಡಿಕೊಂಡು ಯಾವ ಕಾಲವಾಗಿತ್ತೋ. ಅತ್ತೆ ಆ ಚೂರನ್ನು ಮಡಿಲಲ್ಲಿಟ್ಟುಕೊಂಡು ‘ಊಂ’ ಎಂದರು. ಇನ್ನೊಂದಕ್ಕೆ ಕೈ ಎತ್ತಿದರು.

“ತೆಗೀರಿ ಅತ್ತೆ,” ಎಂದಳು ಸೊಸೆ. ಕಣ್ಣೀರು ಮೂಗಿನ ತುದಿಗೆ ಬಂದಿತ್ತು. ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಅವಳಿಗೆ ಯಾರ ಬಗ್ಗೆಯೂ ಇಷ್ಟೊಂದು ಕೃತಜ್ಞತೆ ಉಕ್ಕಿದ್ದಿಲ್ಲ. ಅದು ಅತ್ತೆಗೋ ಕಿಟಕಿಯಾಚೆಯ ಮರಿಗೋ ಎಂಬುದೂ ತಿಳಿಯಲಿಲ್ಲ.

ನಾಲ್ಕಕ್ಕೆ ನಾದಿನಿ ಬಂದಳು. ಬಾಗಿಲಲ್ಲೇ ನಿಂತು, ಅಮ್ಮನ ಬಟ್ಟೆಬರೆ ಕಟ್ಟಿಟ್ಟಾಯಿತೇ, ಕಾರು ಕಾಯುತ್ತಿದೆ ಎಂದು ಅವಸರಿಸಿದಳು. ಅತ್ತೆಯ ಮೊಣಕಾಲಿಗೆ ಒರಗಿ ಕೂತಿದ್ದ ಸೊಸೆ ತಲೆ ಕದಲಿಸಲಿಲ್ಲ.

“ನಿಮ್ಮಮ್ಮನಿಗೆ ಪುರಸೊತ್ತಿಲ್ಲ ಕಣೆ,” ಎಂದಳು. “ನನ್ನ ತಲೆ ನೋಡ್ತಿದ್ದಾರೆ.”