ಕೆರೆದಂಡೆಯ ಗುಂಡಿ

"ಇಲ್ಲಿ ಬೇಡ," ಎಂದರು ಹುಡುಗಿಯ ಅಪ್ಪ, ತಲೆಯ ಮೇಲೆ ಚಾಚಿದ್ದ ಕೊಂಬೆ ತೋರಿಸಿ. ಕನ್ನಡಕದ ಅಂಗಡಿಯ ಹುಡುಗ ಬೆಂಕಿ ಹಾಕಲು ಆಗಲೇ ಮೊಳದಾಳ ಅಗೆದಿದ್ದ. ಮಣ್ಣು ವಾಪಸ್ ತುಂಬಿ, ಸಲಿಕೆ ಹೆಗಲಿಗೇರಿಸಿಕೊಂಡು ಬಯಲಿಗೆ ನಡೆದ.

ಅಗ್ನಿಶಾಮಕ ದಳದಲ್ಲಿ ಕೂದಲು ನರೆಸಿಕೊಂಡು ನಿವೃತ್ತರಾದವರು ಅವರು. ಮಗಳು ಈ ಹುಡುಗನ ಸುದ್ದಿ ತೆಗೆದಾಗ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. "ಕೆರೆ ಹತ್ರ ಕರ್ಕೊಂಡು ಬಾ. ಬೆಂಕಿ ಹಾಕಿ ಏನಾದ್ರೂ ಬೇಯಿಸಿ ತಿನ್ನೋಣ. ಆಮೇಲೆ ಹೇಳ್ತೀನಿ," ಎಂದಿದ್ದರು. ದಾರಿಯುದ್ದಕ್ಕೂ ಮಗಳು ಹುಡುಗನ ಕಿವಿಯಲ್ಲಿ ಊದಿದ್ದು ಒಂದೇ ಮಾತು: "ಅಪ್ಪ ಏನೇ ಹೇಳಲಿ, ಸರಿ ಸರ್ ಅನ್ನು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಹುಡುಗ ಹಾಗೇ ಮಾಡಿದ. ಒಣಹುಲ್ಲು ಕೆರೆದು ಬರೀ ನೆಲ ಕಾಣಿಸಿದ. ಇನ್ನೂ ಅಗಲ ಬೇಕೆಂದರು. ಸರಿ ಸರ್. ಗುಂಡಿ ತೋಡಿ, ನೀರಂಚಿನಿಂದ ನುಣುಪು ಕಲ್ಲು ಹೊತ್ತು ತಂದು ಸುತ್ತ ಜೋಡಿಸಿದ.

"ನೀರು ಕುಡಿದ ಕಲ್ಲು, ಕಾದರೆ ಸಿಡಿಯುತ್ತೆ. ಕಣ್ಣೇ ಹೋದ್ಮೇಲೆ ನಿಮ್ಮ ಅಂಗಡಿ ಕನ್ನಡಕ ತಗೊಂಡು ಏನ್ಮಾಡ್ಲಿ?"

ಸರಿ ಸರ್. ಅಷ್ಟನ್ನೂ ಕಿತ್ತು, ದಿಬ್ಬದ ಮೇಲಿಂದ ಒಣ ಕಲ್ಲು ತಂದ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ನೋಡುತ್ತ ನಿಂತಿದ್ದ ಹುಡುಗಿಯ ಅಪ್ಪನ ಕೈಯೂ ತುರಿಸಿತೋ ಏನೋ, ಮಂಡಿಯೂರಿ ಕೂತು ಕಲ್ಲುಗಳ ಸಂದಿಗೆಲ್ಲ ತಾವೇ ಮಣ್ಣು ಮೆತ್ತಿದರು. ಪಕ್ಕದಲ್ಲಿ ಸಡಿಲ ಮಣ್ಣಿನ ಗುಡ್ಡೆ, ಒಂದು ಬಕೆಟ್ ನೀರು. ಹೊಸ ಮನೆ ನೋಡುವವರಂತೆ ಗುಂಡಿಗೊಂದು ಸುತ್ತು ಬಂದು, ಸೌದೆ ಒಟ್ಟಿ, ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು.

ಅಷ್ಟರಲ್ಲಿ ಗಾಳಿ ಎದ್ದಿತು.

"ಸರ್, ಬೇಡ," ಎಂದ ಹುಡುಗ. ಮಗಳು ಜೋರಾಗಿ ಕೆಮ್ಮಿದಳು. ಅವನು ಅತ್ತ ನೋಡಲಿಲ್ಲ. "ಗಾಳಿ ಒಣಹುಲ್ಲಿನ ಕಡೆ ತಿರುಗಿದೆ. ಒಂದು ಕಿಡಿ ಹಾರಿದ್ರೂ ಹುಲ್ಲು ಹಿಡ್ಕೊಳ್ಳುತ್ತೆ."

"ನನಗೇ ಹೇಳಿಕೊಡ್ತೀರಾ? ನಿಮ್ಮ ವಯಸ್ಸಿಗಿಂತ ಜಾಸ್ತಿ ವರ್ಷ ಬೆಂಕಿ ಜೊತೆ ಸಂಸಾರ ಮಾಡಿದೀನಿ."

ಮೊದಲ ಕಡ್ಡಿ ಆರಿತು. ಎರಡನೆಯದೂ. ಮುಂದಿನದನ್ನು ಅಂಗೈ ಮರೆಯಲ್ಲಿ ಗೀರಿ, ಉರಿ ನಿಂತದ್ದೇ ಬಗ್ಗಿದರು. ಹುಡುಗ ಬಕೆಟ್ ಎತ್ತಿ, ಇದ್ದಷ್ಟು ನೀರನ್ನೂ ಸೌದೆಯ ಮೇಲೆ ಸುರಿದುಬಿಟ್ಟ.

ಕಡ್ಡಿ ಉರಿಯುತ್ತ ಬೆರಳು ಮುಟ್ಟಿತು. ಹುಡುಗಿಯ ಅಪ್ಪ ಅದನ್ನು ಗುಂಡಿಯೊಳಗೆ ಬಿಟ್ಟರು.

"ತಪ್ಪು ತಿಳ್ಕೋಬೇಡಿ ಸರ್," ಎಂದ ಹುಡುಗ. ಬಕೆಟ್ ಇನ್ನೂ ಕೆಳಗಿಟ್ಟಿರಲಿಲ್ಲ.

ಅವರು ಬಯಲನ್ನು ನೋಡಿದರು. ಹುಲ್ಲೆಲ್ಲ ಒಂದೇ ದಿಕ್ಕಿಗೆ ಮಲಗಿ, ಆಚೆಯ ಮರಗಳ ಸಾಲಿನ ಕಡೆ ಬೆರಳು ಮಾಡಿದಂತಿತ್ತು. ಬೆಂಕಿಪೊಟ್ಟಣ ಜೇಬಿಗೆ ಹಾಕಿಕೊಂಡು ಕಾರಿನ ಕಡೆ ಹೊರಟರು.

"ಮುಗೀತು ನಮ್ಮ ಕಥೆ," ಎಂದಳು ಮಗಳು, ಹಣೆ ಹಿಡಿದುಕೊಂಡು. "ಒಂದು ಸರಿ ಸರ್ ಅನ್ನೋಕೆ ನಿಂಗೇನು ಧಾಡಿ?"

ಅವರು ಕಾರಿನಿಂದ ಬ್ರೆಡ್ಡು, ಈರುಳ್ಳಿ, ಟೊಮೆಟೊ, ಚಾಕು ಹಿಡಿದುಕೊಂಡು ವಾಪಸ್ ಬಂದರು. ಚಾಪೆಯ ಮೇಲೆ ಕೂತು ಹೆಚ್ಚಿ, ಬ್ರೆಡ್ಡಿನ ನಡುವೆ ಇಟ್ಟು, "ತಗೋ, ತಣ್ಣಗಿರೋದನ್ನೇ ತಿನ್ನು," ಎಂದು ಮೊದಲನೆಯದನ್ನು ಹುಡುಗನ ಕೈಗಿತ್ತರು. ಆಮೇಲೆ ಮಗಳ ಕಡೆ ತಿರುಗಿದರು.

"ಇವನು ಯಾವಾಗ್ಲೂ ಹೀಗೇನಾ? ತನಗೆ ಸರಿ ಅನ್ನಿಸಿದ್ರೆ ಯಾರ ಮಾತೂ ಕೇಳಲ್ವಾ?"

"ಹೂಂ ಅಪ್ಪಾ." ಅವಳ ದನಿ ಬಾವಿಯೊಳಗಿಂದ ಬಂದಂತಿತ್ತು.

"ಹಾಗಾದ್ರೆ ಮನೆಗೆ ಹೋದ್ಮೇಲೆ ನಿಮ್ಮಮ್ಮನ ಹತ್ರ ಸ್ವಲ್ಪ ಹೊತ್ತು ಕೂತ್ಕೋ," ಎಂದರು ಈರುಳ್ಳಿ ಕಚ್ಚುತ್ತ. "ಇಂಥವರ ಜೊತೆ ಬಾಳೋದು ಹೇಗೆ ಅಂತ ಅವಳಿಗೊಬ್ಬಳಿಗೇ ಗೊತ್ತು."